ಕಸುಬು ಬಿಟ್ಟವರು ಹಂಚು ಮಾಡಿದ ಕಥೆ



ವಾಳಪೈಯಲ್ಲಿ ನಾಲ್ಕು ಜನ ಸೇರಿ ಕೆಲಸದ ವಿಚಾರ ತೆಗೆದರೆ ಮಾತು ಗಣಿಯ ಕಡೆ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋವಾದ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಿತು. ಮತ್ತೆ ಶುರುವಾದದ್ದು 2018ರಲ್ಲಿ 88 ಗುತ್ತಿಗೆಗಳ ನವೀಕರಣ ರದ್ದಾದಾಗ ಇನ್ನೊಮ್ಮೆ ನಿಂತಿತು. ನಮ್ಮ ಸತ್ತರಿಯಲ್ಲಿ, ಪಕ್ಕದ ಡಿಚೋಲಿಯಲ್ಲಿ ಸಾಲ ಮಾಡಿ ಟಿಪ್ಪರ್ ಕೊಂಡವರು, ಘಟ್ಟ ಇಳಿದು ಬಂದು ಡ್ರೈವರ್ ಆದವರು, ಅದಿರಿನ ದಾರಿಯಲ್ಲಿ ಗ್ಯಾರೇಜು, ಚಹಾದಂಗಡಿ ಇಟ್ಟವರು ಎಲ್ಲರೂ ಕಷ್ಟಕ್ಕೆ ಸಿಕ್ಕಿದರು. ಕಾಲಕ್ಕೆ ತಕ್ಕಂತೆ ಬದಲಾಗಿ ಎಂದು ಬುದ್ಧಿ ಹೇಳುವವರಿಗೆ ಆಗಲೂ ಕೊರತೆಯಿರಲಿಲ್ಲ, ಈಗಲೂ ಇಲ್ಲ. ಹೊಸ ಕೆಲಸ ಕಲಿಯುವ ತನಕ ಮನೆಯ ಒಲೆ ಹೇಗೆ ಉರಿಯಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈ ಪ್ರಶ್ನೆಯನ್ನು ಮಂಗಳೂರಿನ ಒಂದು ಕ್ರೈಸ್ತ ಸಮುದಾಯ ನಮಗಿಂತ ನೂರೈವತ್ತು ವರ್ಷಕ್ಕೂ ಹಿಂದೆ ಎದುರಿಸಿತ್ತು. ಅವರು ಶುರುಮಾಡಿದ ಕೆಲಸದ ಗುರುತು ಗೋವಾದ ಹಳೆಯ ಮನೆಗಳ ಮಾಡಿನ ಮೇಲೂ ಇದೆ. ಅದೇ ಮಂಗಳೂರು ಹಂಚು.

ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅದು ಪ್ರೊಟೆಸ್ಟೆಂಟ್ ಸಭೆ, ನಮ್ಮ ಕಥೋಲಿಕ ಧರ್ಮಕೇಂದ್ರಗಳ ಕಥೆಯಲ್ಲ. ಆದರೂ ನಾವು ಓದಬೇಕಾದ ಕಥೆ. ಅವರ ಮಾತಿಗೆ ಓಗೊಟ್ಟು ದೀಕ್ಷಾಸ್ನಾನ ಪಡೆದವರಲ್ಲಿ ಬಹಳ ಜನ ಬಿಲ್ಲವರು. ಅವರ ಪೈಕಿ ಎಷ್ಟೋ ಮನೆಗಳ ಕಸುಬು ಕಳ್ಳು ಇಳಿಸುವುದು. ಮಿಷನ್ನಿಗೆ ಹೆಂಡದ ವ್ಯವಹಾರ ಆಗದು, ಹಾಗಾಗಿ ಮರ ಹತ್ತುವ ಕೆಲಸ ಹೋಯಿತು. ಜಾತಿಯವರು ದೂರ ಇಟ್ಟರು. ಗೇಣಿಗೆ ಮಾಡುತ್ತಿದ್ದ ಗದ್ದೆ ಹಲವರ ಕೈತಪ್ಪಿತು. ದೇವರು ಸಿಕ್ಕ, ಅನ್ನ ತಪ್ಪಿತು ಎನ್ನುವ ಸ್ಥಿತಿ.

ಮಿಷನರಿಗಳು ಬಂದದ್ದು ವಾಕ್ಯ ಸಾರಲು, ಕಾರ್ಖಾನೆ ಕಟ್ಟಲು ಅಲ್ಲ. ಆದರೆ ಹಸಿದವರ ಮುಂದೆ ಎಷ್ಟು ದಿನ ವಾಕ್ಯ ಸಾರಲಾದೀತು? ಅವರು ಒಂದಾದ ಮೇಲೊಂದು ಕೆಲಸ ಪ್ರಯತ್ನಿಸಿದರು. ಬೇಸಾಯ ಮಾಡಿಸಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು. ಅವು ಕೈಗೂಡಲಿಲ್ಲ. ಇತಿಹಾಸದ ಪುಸ್ತಕಗಳು ಈ ಸೋಲುಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಇಡೀ ಕಥೆಯಲ್ಲಿ ಮುಖ್ಯವೆನಿಸುವುದು ಅದೇ ಸಾಲು. ಕೈಗೂಡದ ಕೆಲಸದ ನಷ್ಟವನ್ನು ಮಿಷನ್ ಹೊತ್ತುಕೊಂಡಿತು. ಕಲಿಯಲು ಬಂದವನ ತಲೆಯ ಮೇಲೆ ಅದರ ಸಾಲ ಬೀಳಲಿಲ್ಲ. ನಮ್ಮ ಟಿಪ್ಪರ್ ಮಾಲೀಕರ ಪಾಡನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನೇಯ್ಗೆ ಕೈಹಿಡಿಯಿತು. 1851ರಲ್ಲಿ ಹಾಲರ್ ಎಂಬ ನುರಿತ ನೇಕಾರರು ಬಂದರು. ಮಗ್ಗವನ್ನೇ ಮುಟ್ಟದ ಮನೆತನದವರು ಬಲ್ಮಠದಲ್ಲಿ ಹೊಸ ಮಾದರಿಯ ಮಗ್ಗದ ಮುಂದೆ ಕುಳಿತರು. ಖಾಕಿ ಬಣ್ಣ ಹುಟ್ಟಿದ್ದು ಹಾಲರ್ ಅವರ ಬಣ್ಣದ ತೊಟ್ಟಿಯಲ್ಲೇ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಪೇಶಾವರದ ಸೈನಿಕರು ಅದಕ್ಕೂ ಮೊದಲೇ ಖಾಕಿ ತೊಟ್ಟಿದ್ದರೆಂಬ ಇನ್ನೊಂದು ವಾದವೂ ಇದೆ, ಆ ಜಗಳ ಇಲ್ಲಿ ಬೇಡ.

ಹಂಚಿನ ಕಥೆ ಇನ್ನೂ ಸ್ವಾರಸ್ಯದ್ದು. ಅದನ್ನು ಶುರುಮಾಡಿದ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಕನ್ನಡದ ಅಚ್ಚುಮೊಳೆಗಳೊಡನೆ ಪಳಗಿದ ಕೈ ಅದು. ಕಲಿಸುವವರೇ ಕಸುಬು ಬದಲಿಸಿದರು ಅನ್ನಿ. ನೇತ್ರಾವತಿ ದಂಡೆಯ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಊರಿನಲ್ಲಿ ಆಗ ಹೆಚ್ಚಿನ ಮನೆಗಳಿಗೆ ಹುಲ್ಲಿನ ಮಾಡು, ಬೆಂಕಿಯ ಭಯ ತಪ್ಪಿದ್ದಲ್ಲ. ಕುಂಬಾರರ ಓಡು ಇತ್ತು. ಅದನ್ನು ಒಂದರ ಮೇಲೊಂದು ಒತ್ತಾಗಿ ಹೊದಿಸಬೇಕಿತ್ತು, ಭಾರವೂ ಹೆಚ್ಚು. ಪ್ಲೆಬ್ಸ್ಟ್ ತಂದದ್ದು ಯುರೋಪಿನ ಮಾದರಿಯ ಚಪ್ಪಟೆ ಹಂಚು. ಅಂಚಿಗೆ ತೋಡು, ಆ ತೋಡಿನಲ್ಲಿ ಪಕ್ಕದ ಹಂಚು ಕೂರುತ್ತದೆ. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಸಣ್ಣದಾಗಿ ಶುರುವಾಯಿತು. ಮಣ್ಣು ಹದಮಾಡಲು ಎತ್ತುಗಳು, ಒತ್ತಲು ಕೈಯಂತ್ರ. ಆಮೇಲೆ ಉಗಿಯಂತ್ರ ಬಂತು, ಮಲ್ಪೆಯಿಂದ ಕಲ್ಲಿಕೋಟೆಯ ತನಕ ಕಾರ್ಖಾನೆಗಳೆದ್ದವು.

ತೆಂಗಿನ ಮರ ಏರುತ್ತಿದ್ದವನಿಗೆ ಗಂಟೆಯ ಸದ್ದಿಗೆ ಕೆಲಸಕ್ಕೆ ನಿಲ್ಲುವುದು ಎಷ್ಟು ಕಷ್ಟವಾಗಿರಬೇಕು! ಮರ ಹತ್ತುವವನ ದಿನವನ್ನು ಬಿಸಿಲು, ಮಳೆ, ಕಳ್ಳು ಸೋರುವ ಹೊತ್ತು ನಡೆಸುತ್ತವೆ. ಕಾರ್ಖಾನೆಯಲ್ಲಿ ಹಾಗಲ್ಲ, ಹಂಚು ನೆರಳಲ್ಲಿ ಹದವಾಗಿ ಒಣಗಬೇಕು, ಗೂಡಿನ ಬೆಂಕಿ ಒಂದೇ ಸಮ ಉರಿಯಬೇಕು, ಒಬ್ಬ ತಡಮಾಡಿದರೆ ಮುಂದಿನವನ ಕೈ ಖಾಲಿ. ಮಂಗಳೂರಿನ ಬದಲಾವಣೆ ಎಂದರೆ ಹೊಸ ಉಪಕರಣವೊಂದೇ ಅಲ್ಲ, ದಿನದ ಲೆಕ್ಕವೇ ಬೇರೆಯಾಯಿತು.

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎನ್ನಲು ನನಗೆ ಮನಸ್ಸಿಲ್ಲ. ಕೆಲಸ ಕೊಡುವವರೂ ಸಭೆಯನ್ನು ನಡೆಸುವವರೂ ಒಂದೇ ಸಂಸ್ಥೆಯವರಾದಾಗ, ಕೂಲಿಯ ಬಗ್ಗೆ ತಕರಾರು ಇದ್ದವನು ಯಾರ ಹತ್ತಿರ ಹೋಗಬೇಕು? ಎಲ್ಲದಕ್ಕೂ ಮಿಷನ್ನೇ ಗತಿ ಎಂಬ ಅಭ್ಯಾಸ ಬೆಳೆಯಿತು. 1914ರಲ್ಲಿ ಮಹಾಯುದ್ಧ ಬಂದಾಗ ಅದರ ಅಪಾಯ ತಿಳಿಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಆದರೆ ಆ ಹೊತ್ತಿಗೆ ಹಂಚಿನ ವಿದ್ಯೆ ಜೆಪ್ಪುವಿನ ಗೋಡೆ ದಾಟಿಯಾಗಿತ್ತು. ನಮ್ಮ ಕಥೋಲಿಕರೇ ಆದ ಆಲ್ಬುಕರ್ಕ್ ಮನೆತನ 1868ರಷ್ಟು ಬೇಗ ಸ್ವಂತ ಕಾರ್ಖಾನೆ ಹಾಕಿತ್ತು. ಅವರ ಹಿಂದೆ ಎಲ್ಲ ಜಾತಿ ಮತದವರೂ ಬಂದರು. ಮಣ್ಣಿನ ಹದ, ಗೂಡಿನ ಬೆಂಕಿ ಬಲ್ಲವನಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ತಟ್ಟಲು ಅವಕಾಶವಿತ್ತು, ನದಿಯ ದಂಡೆಯುದ್ದಕ್ಕೂ ಚಿಮಣಿಗಳು ಎದ್ದಿದ್ದವು. ಮುಂದೆ ಕಾಂಕ್ರೀಟ್ ತಾರಸಿ ಬಂದು ಆ ಚಿಮಣಿಗಳಲ್ಲೂ ಬಹಳಷ್ಟು ತಣ್ಣಗಾದವು.

ಮಂಗಳೂರಿನ ಕಾರ್ಖಾನೆಗಳು ಹಂಚಿನ ಮೇಲೆ ತಮ್ಮ ಹೆಸರನ್ನು ಒತ್ತುತ್ತಿದ್ದವು, ಬಾಸೆಲ್ ಮಿಷನ್ನಿನವರು 1865 ಎಂಬ ಇಸವಿಯನ್ನೂ ಸೇರಿಸುತ್ತಿದ್ದರು. ಈ ಸಲ ಮಳೆಗಾಲಕ್ಕೆ ಮುಂಚೆ ಯಾರ ಮನೆಯಲ್ಲಾದರೂ ಮಾಡು ಕೈಯಾಡಿಸುತ್ತಿದ್ದರೆ, ಇಳಿಸಿಟ್ಟ ಹಂಚುಗಳನ್ನು ತಿರುಗಿಸಿ ಓದಿ ನೋಡಿ.