ಟಗರಿನ ಕೊಂಬು, ತಾಯಿಯ ಅಳು

ಗಡಿಗೆ ಕೊಳ್ಳುವ ಹೆಣ್ಣುಮಕ್ಕಳು ಬಣ್ಣಕ್ಕೆ ಮರುಳಾಗುವುದಿಲ್ಲ. ಬೆಳಗಾವಿಯ ಪೇಟೆಯಲ್ಲಾಗಲಿ, ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಾಗಲಿ, ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಟಣ್ ಎಂದರೆ ಗಟ್ಟಿ. ದನಿ ಒಡೆದರೆ ಬಿರುಕು. ಯಹೂದಿಗಳು ತಮ್ಮ ಹಬ್ಬದ ಕೊಂಬನ್ನು ಆರಿಸುವಾಗಲೂ ಬಿರುಕಿಗೇ ಅಂಜುತ್ತಾರೆಂದು ಓದಿದಾಗ, ದೂರದ ಆ ಜನ ನನಗೆ ನೆರೆಮನೆಯವರಂತೆ ಕಂಡರು.

ಆ ಕೊಂಬಿಗೆ ಶೋಫಾರ್ ಎಂದು ಹೆಸರು. ಅಬ್ರಹಾಮನು ಮಗನನ್ನು ಬಲಿ ಕೊಡಲು ನಿಂತಾಗ ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಮಗನ ಬದಲಿಗೆ ಒದಗಿತಲ್ಲ, ಅದರ ನೆನಪಿಗೆ ಟಗರಿನ ಕೊಂಬೇ ಮೇಲು. ಆಕಳ ಕೊಂಬು ಸಲ್ಲದು. ಹಿಂದೊಮ್ಮೆ ಚಿನ್ನದ ಕರುವನ್ನು ಪೂಜಿಸಿದ ಪಾಪವನ್ನು ಅದು ನೆನಪಿಸುತ್ತದೆ. ಜಿಂಕೆಯ ಕೊಂಬು ಒಳಗೆ ಗಟ್ಟಿ, ಊದಲು ಬಾರದು. ಟಗರಿನದಾದರೆ ಒಳಗಿನ ಎಲುಬನ್ನು ತೆಗೆದು, ತುದಿಗೆ ತೂತು ಕೊರೆದರೆ ಸಾಕು. ನೆಟ್ಟಗಿರುವುದಕ್ಕಿಂತ ಬಾಗಿದ್ದು ಲೇಸು. ದೇವರ ಮುಂದೆ ಮನಸ್ಸು ಬಾಗಬೇಕಷ್ಟೆ. ಉದ್ದಕ್ಕೂ ಸೀಳಿದ್ದು ಬೇಡ. ಊದುವ ಬಾಯಿಗೆ ಚಿನ್ನದ ತಗಡು ಹೊದಿಸಿದರೂ ಅದು ಕೆಟ್ಟಂತೆಯೇ. ತುಟಿಗೂ ಕೊಂಬಿಗೂ ನಡುವೆ ಸಿರಿತನ ಬರಕೂಡದು.

ಹೊಸವರುಷದ ಹಬ್ಬದಲ್ಲಿ ಇದನ್ನು 100 ಸಲ ಊದುವುದು ರೂಢಿ. ಒಂದು ನೀಳ ದನಿ, ಒಂದು ಮೂರಾಗಿ ಮುರಿದ ನಿಟ್ಟುಸಿರು, ಒಂದು ಬಿಕ್ಕಿ ಬಿಕ್ಕಿ ಬರುವ ಅಳು. ಈ ಅಳು ಹೇಗಿರಬೇಕೆಂದು ಅವರ ಹಿರಿಯರು ಚರ್ಚಿಸಿದಾಗ ನೆನೆದದ್ದು ಒಬ್ಬ ತಾಯಿಯನ್ನು. ಯುದ್ಧಕ್ಕೆ ಹೋದ ಮಗನ ದಾರಿ ಕಾಯುತ್ತ ಕಿಟಕಿಯಲ್ಲಿ ಅತ್ತ ಸಿಸೆರನ ತಾಯಿ ಅವಳು. ಸಿಸೆರ ಯಾರು? ಅವರನ್ನೇ ತುಳಿಯಲು ಬಂದಿದ್ದ ಶತ್ರುಸೇನೆಯ ದಂಡನಾಯಕ! ವೈರಿಯ ತಾಯಿಯ ಅಳುವನ್ನು ತಮ್ಮ ಪ್ರಾರ್ಥನೆಯೊಳಗೆ ಇಟ್ಟುಕೊಂಡ ಜನ ಅವರು.

ಖಾನಾಪುರ ದಾಟಿ ಘಟ್ಟ ಇಳಿದು, ಕರಾವಳಿ ಹಿಡಿದು ಬಡಗಣಕ್ಕೆ ನಡೆದರೆ ರಾಯಗಡ ಜಿಲ್ಲೆಯ ಹಳ್ಳಿಗಳು. ಅಲ್ಲಿ ಬೆನೆ ಇಸ್ರಾಯೇಲರೆಂಬ ಯಹೂದಿಗಳು ತಲೆತಲಾಂತರದಿಂದ ಮರಾಠಿ ಮಾತಾಡುತ್ತ ಎಣ್ಣೆಗಾಣ ನಡೆಸಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರಿಗೆ ಅವರು 'ಶನಿವಾರ್ ತೇಲಿ'ಗಳು. ಮುಂದೆ ಅವರಲ್ಲಿ ಅನೇಕರು ಕಂಪನಿಯ ಸೈನ್ಯ ಸೇರಿದರು. ಅವರಲ್ಲೊಬ್ಬ ಸಾಮ್ಯುಯೆಲ್ ಎಝೆಕಿಯೆಲ್ ದಿವೇಕರ್. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಅವನು ಟಿಪ್ಪುವಿಗೆ ಸೆರೆಸಿಕ್ಕ. ಅವನ ಪ್ರಾಣ ಉಳಿದದ್ದು ಟಿಪ್ಪುವಿನ ತಾಯಿಯಿಂದ ಎನ್ನುತ್ತದೆ ಆ ಸಮುದಾಯದ ಐತಿಹ್ಯ. ತಾವು ಬೆನೆ ಇಸ್ರಾಯೇಲರೆಂದು ಸೆರೆಯವರು ಹೇಳಿಕೊಂಡಾಗ, ಕುರಾನಿನಲ್ಲಿ ಬರುವ ಆ ಹೆಸರು ಕೇಳಿ ಆಕೆ, ಇವರನ್ನು ಕೊಲ್ಲಬೇಡ ಎಂದು ಮಗನಿಗೆ ಹೇಳಿದಳಂತೆ.

ಬಿಡುಗಡೆಯಾದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಸಿನಗಾಗ್ ಕಟ್ಟಿಸಿದ. ಅದು ಆ ನಗರದ ಮೊದಲ ಯಹೂದಿ ಮಂದಿರ, ಹೆಸರು 'ಕರುಣೆಯ ಬಾಗಿಲು'. ಜನ ಅದನ್ನೂ ಮಸೀದಿ ಎಂದೇ ಕರೆದರು. ಮುಂಬಯಿಯ ಮಸ್ಜಿದ್ ರೈಲುನಿಲ್ದಾಣಕ್ಕೆ ಅದರಿಂದಲೇ ಆ ಹೆಸರು. 1948ರ ನಂತರ ಅವರಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೊರಟುಹೋದರು.

ಇತಿಹಾಸದ ಪುಸ್ತಕಗಳಲ್ಲಿ ಯುದ್ಧಗಳ ಇಸವಿಗಳು ಸಿಗುತ್ತವೆ, ತಾಯಂದಿರ ಮಾತುಗಳು ಸಿಗುವುದು ಅಪರೂಪ. ಈ ಜನ ಇಬ್ಬರು ತಾಯಂದಿರನ್ನು ಉಳಿಸಿಕೊಂಡರು, ಇಬ್ಬರೂ ವೈರಿ ಪಾಳೆಯದವರು. ಒಬ್ಬಳು ಕೊಂಬಿನ ದನಿಯಲ್ಲಿದ್ದಾಳೆ, ಇನ್ನೊಬ್ಬಳು ಒಂದು ಬಾಗಿಲಿನ ಕಥೆಯಲ್ಲಿ.