ವಿದೇಶ ವ್ಯಾಸಂಗದ ಪೂರ್ಣ ವಿದ್ಯಾರ್ಥಿವೇತನ (ಹುಬ್ಬಳ್ಳಿ-ಧಾರವಾಡ)

ವಿದೇಶ ವ್ಯಾಸಂಗದ ಪೂರ್ಣ ವಿದ್ಯಾರ್ಥಿವೇತನ ಎಂದರೆ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದುವ ವಿದ್ಯಾರ್ಥಿಯ ಬೋಧನಾ ಶುಲ್ಕ, ಜೀವನ ನಿರ್ವಹಣಾ ಭತ್ಯೆ, ವಿಮಾನ ಪ್ರಯಾಣದ ವೆಚ್ಚ ಹಾಗೂ ಸಾಮಾನ್ಯವಾಗಿ ಆರೋಗ್ಯ ವಿಮೆಯನ್ನು ಒಂದೇ ಸಂಸ್ಥೆ ಅಥವಾ ಸರ್ಕಾರ ಭರಿಸುವ ವ್ಯವಸ್ಥೆ. ಶುಲ್ಕದಲ್ಲಿ ಮಾತ್ರ ರಿಯಾಯಿತಿ ನೀಡುವ ವೇತನಗಳೂ ಮರುಪಾವತಿಯ ಷರತ್ತುಳ್ಳ ನೆರವುಗಳೂ ಇದರಲ್ಲಿ ಸೇರುವುದಿಲ್ಲ. 1892ರಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿನಿಧಿಯ ನೆರವನ್ನು ಅನೇಕರು ಪೂರ್ಣ ವಿದ್ಯಾರ್ಥಿವೇತನವೆಂದು ತಿಳಿಯುವುದುಂಟು. ವಾಸ್ತವವಾಗಿ ಅದು ಸಾಲರೂಪದ ವಿದ್ಯಾರ್ಥಿವೇತನ. ‘ಪೂರ್ಣ’ ಎಂಬ ವಿಶೇಷಣವು ಆಯ್ಕೆಯಾದ ನಂತರದ ವೆಚ್ಚಕ್ಕೆ ಮಾತ್ರ ಅನ್ವಯಿಸುತ್ತದೆ. ಆಯ್ಕೆಗೆ ಮುಂಚಿನ ಖರ್ಚು ಬಹುಪಾಲು ಅಭ್ಯರ್ಥಿಯದೇ ಆಗಿರುತ್ತದೆ. ಅರ್ಹರಾಗಿದ್ದೂ ಅರ್ಜಿ ಹಾಕದೆ ಉಳಿಯುವವರಿಗೆ ಈ ಖರ್ಚೇ ದೊಡ್ಡ ತಡೆ.

ಹಿನ್ನೆಲೆ

ಧಾರವಾಡದ ಮಟ್ಟಿಗೆ ಇದರ ಅತ್ಯಂತ ಪ್ರಸಿದ್ಧ ನಿದರ್ಶನ ನಾಟಕಕಾರ ಗಿರೀಶ ಕಾರ್ನಾಡ. ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದ ಅವರು ರೋಡ್ಸ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ 1960ರಿಂದ 1963ರವರೆಗೆ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿದರು. 1902ರಲ್ಲಿ ನಿಧನನಾದ ಸೆಸಿಲ್ ರೋಡ್ಸ್‌ನ ಉಯಿಲಿನಿಂದ ಹುಟ್ಟಿದ ಈ ವೇತನಕ್ಕೆ ಆ ಕಾಲದಲ್ಲಿ ಪುರುಷರು ಮಾತ್ರ ಅರ್ಹರಾಗಿದ್ದರು. ಮಹಿಳೆಯರಿಗೆ ಅವಕಾಶ ದೊರೆತದ್ದು 1977ರಲ್ಲಿ. ಇಂಗ್ಲೆಂಡಿಗೆ ಹೊರಡುವ ಸಿದ್ಧತೆಯ ದಿನಗಳಲ್ಲಿಯೇ ಕಾರ್ನಾಡರು ‘ಯಯಾತಿ’ ನಾಟಕವನ್ನು ಬರೆದರು. ಮಗ ಹೊರದೇಶದಲ್ಲಿಯೇ ಉಳಿದುಬಿಟ್ಟಾನೆಂಬ ಮನೆಯವರ ಆತಂಕ, ಓದು ಮುಗಿದ ಮೇಲೆ ಮರಳಬೇಕೇ ಬೇಡವೇ ಎಂಬ ತಮ್ಮದೇ ತೊಳಲಾಟ ಈ ನಾಟಕದ ಹಿಂದಿದ್ದವೆಂದು ಅವರೇ ನಂತರ ಹೇಳಿಕೊಂಡಿದ್ದಾರೆ. ನಾಟಕವನ್ನು 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು.

ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಭಾರತ ಮತ್ತು ಅಮೆರಿಕಗಳ ನಡುವಿನ 1950ರ ಒಪ್ಪಂದದಿಂದ ಆರಂಭವಾದ ಈ ಯೋಜನೆ 2008ರ ಹೊಸ ಒಪ್ಪಂದದ ನಂತರ ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಪಡೆಯಿತು.

ಪ್ರವೇಶ ಮೊದಲೋ, ವೇತನ ಮೊದಲೋ

ಯೋಜನೆಗಳನ್ನು ದೇಶವಾರು ವಿಂಗಡಿಸುವುದು ರೂಢಿ. ಅಭ್ಯರ್ಥಿಗೆ ಅದಕ್ಕಿಂತ ಉಪಯುಕ್ತವಾದುದು, ವಿಶ್ವವಿದ್ಯಾಲಯದ ಪ್ರವೇಶ ಮತ್ತು ವೇತನಗಳಲ್ಲಿ ಯಾವುದು ಮೊದಲು ನಿರ್ಧಾರವಾಗುತ್ತದೆ ಎಂಬ ವಿಂಗಡಣೆ. ಕೈಯಿಂದ ಎಷ್ಟು ಹಣ ಹಾಕಬೇಕಾಗುತ್ತದೆ ಎಂಬುದು ಇದನ್ನೇ ಅವಲಂಬಿಸಿದೆ.

ರೋಡ್ಸ್ ಮತ್ತು ಫುಲ್‌ಬ್ರೈಟ್-ನೆಹರೂ ಯೋಜನೆಗಳಲ್ಲಿ ಮೊದಲು ಅಭ್ಯರ್ಥಿಯ ಆಯ್ಕೆ ನಡೆಯುತ್ತದೆ, ವಿಶ್ವವಿದ್ಯಾಲಯದ ಪ್ರವೇಶ ಅನಂತರದ್ದು. ಜಪಾನ್ ಸರ್ಕಾರವು 1954ರಿಂದ ನೀಡುತ್ತಿರುವ ಮೆಕ್ಸ್ಟ್ ವೇತನದಲ್ಲಿ ರಾಯಭಾರ ಕಚೇರಿಯ ಮೂಲಕ ಹೋಗುವವರಿಗೂ ಇದೇ ಕ್ರಮ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಪದವಿಗಳಲ್ಲಿ ಪ್ರವೇಶ ಮತ್ತು ವೇತನ ಎರಡಕ್ಕೂ ಒಂದೇ ಅರ್ಜಿ ಸಾಕು. ಇಲ್ಲಿ ಕನಿಷ್ಠ ಎರಡು ದೇಶಗಳಲ್ಲಿ ಓದಬೇಕಾಗುತ್ತದೆ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವೇತನದಲ್ಲಿ ಎರಡು ಅರ್ಜಿಗಳು ಸಮಾನಾಂತರವಾಗಿ ಸಾಗುತ್ತವೆ. ಅರ್ಜಿದಾರರು ಮೂರು ಕೋರ್ಸುಗಳನ್ನು ಸೂಚಿಸಿ, ಅವುಗಳಿಗೆ ಪ್ರತ್ಯೇಕವಾಗಿ ಪ್ರವೇಶ ಕೋರಿ, ಒಂದರಿಂದಲಾದರೂ ಷರತ್ತಿಲ್ಲದ ಪ್ರವೇಶಪತ್ರವನ್ನು ಗಡುವಿನೊಳಗೆ ಪಡೆಯಬೇಕು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಕ್ರಮ ತಲೆಕೆಳಗಾಗಿದೆ. 1954-55ರಲ್ಲಿ ಆರಂಭವಾದ ಈ ಯೋಜನೆ ಪರಿಶಿಷ್ಟ ಜಾತಿ, ಅಲೆಮಾರಿ ಹಾಗೂ ಅರೆ ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಮೀಸಲು. ಒಟ್ಟು 125 ಸ್ಥಾನಗಳಲ್ಲಿ ಶೇ. 30 ಮಹಿಳೆಯರಿಗಿವೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ಆದರೆ ಜಾಗತಿಕ ಶ್ರೇಯಾಂಕದ ಮೊದಲ 500ರೊಳಗಿನ ವಿಶ್ವವಿದ್ಯಾಲಯದ ಷರತ್ತಿಲ್ಲದ ಪ್ರವೇಶಪತ್ರ ಕೈಯಲ್ಲಿದ್ದರೆ ಮಾತ್ರ ಅರ್ಜಿ ಹಾಕಬಹುದು. ಹೀಗಾಗಿ ಇಂಗ್ಲಿಷ್ ಭಾಷಾ ಪರೀಕ್ಷೆಯ ಶುಲ್ಕ, ವಿಶ್ವವಿದ್ಯಾಲಯಗಳ ಅರ್ಜಿ ಶುಲ್ಕ, ಕೆಲವೆಡೆ ಸೀಟು ಉಳಿಸಿಕೊಳ್ಳುವ ಠೇವಣಿ, ಇವೆಲ್ಲವೂ ಆದಾಯ ಅತ್ಯಂತ ಕಡಿಮೆಯಿರುವ ಕುಟುಂಬಗಳ ಮೇಲೆಯೇ ಮೊದಲು ಬೀಳುತ್ತವೆ. ಆಯ್ಕೆಯ ನಂತರವೂ ಅನಿಶ್ಚಿತತೆ ತಪ್ಪುವುದಿಲ್ಲ. 2025-26ನೇ ಸಾಲಿಗೆ ಆಯ್ಕೆಯಾದ 106 ಅಭ್ಯರ್ಥಿಗಳ ಪೈಕಿ ಮೊದಲಿಗೆ 40 ಮಂದಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ನೀಡಿ, ಉಳಿದವರಿಗೆ ಹಣದ ಲಭ್ಯತೆಯನ್ನು ನೋಡಿ ನೀಡಲಾಗುವುದೆಂದು ಸಚಿವಾಲಯ ತಿಳಿಸಿತು. 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಇತಿಹಾಸ ಮತ್ತು ಸಮಾಜ ಕುರಿತ ವಿಷಯಗಳನ್ನು ಕೈಬಿಟ್ಟಿದ್ದು ಟೀಕೆಗೆ ಗುರಿಯಾಗಿತ್ತು.

ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗಿದ್ದು, ನೆರವಿನ ಪ್ರಮಾಣ ಕುಟುಂಬದ ಆದಾಯಕ್ಕೆ ತಕ್ಕಂತೆ ಬದಲಾಗುತ್ತದೆ.

ಪದವಿಯ ಅವಧಿ ಮತ್ತು ಅನುಭವ

ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ವೇತನಕ್ಕೆ ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಸಮಾನವಾದ ವ್ಯಾಸಂಗ, ಜೊತೆಗೆ ಕನಿಷ್ಠ ಮೂರು ವರ್ಷದ ವೃತ್ತಿ ಅನುಭವ ಬೇಕು. ಹುಬ್ಬಳ್ಳಿಯ ಎಂಜಿನಿಯರಿಂಗ್ ಪದವೀಧರರಿಗೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. (ಕೃಷಿ) ಪದವೀಧರರಿಗೂ ಪದವಿಯ ಅವಧಿ ಅಡ್ಡಿಯಾಗದು. ಕರ್ನಾಟಕ ವಿಶ್ವವಿದ್ಯಾಲಯದ ಮೂರು ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪಡೆದವರು ಮಾತ್ರ ಸ್ನಾತಕೋತ್ತರ ಪದವಿಯನ್ನೋ ಡಿಪ್ಲೊಮಾವನ್ನೋ ಇಲ್ಲಿಯೇ ಮುಗಿಸಿಕೊಳ್ಳಬೇಕು. ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಇಳಿಸಲಾಗಿದೆ. ಚೀವ್ನಿಂಗ್ ವೇತನ ಮೂರು ವರ್ಷದ ಪದವಿಯನ್ನು ಒಪ್ಪುತ್ತದಾದರೂ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ, ಕೆಲಸದ ಅನುಭವವನ್ನು ಕೇಳುತ್ತದೆ. ಪದವಿ ಮುಗಿಸಿದ ವರ್ಷವೇ ಪ್ರಯತ್ನಿಸುವವರಿಗೆ ರೋಡ್ಸ್, ಎರಾಸ್ಮಸ್ ಮುಂಡಸ್‌ಗಳಂಥ ಅನುಭವ ಕೇಳದ ಯೋಜನೆಗಳು ಹೆಚ್ಚು ಅನುಕೂಲ.

ದಾಖಲೆಗಳು

ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ಪಾಸ್‌ಪೋರ್ಟ್, ಉದ್ದೇಶದ ಹೇಳಿಕೆ ಮತ್ತು ಶಿಫಾರಸು ಪತ್ರಗಳು ಎಲ್ಲೆಡೆ ಸಾಮಾನ್ಯ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿಯೇ ಇದೆ. ಉತ್ತರ ಕರ್ನಾಟಕದ ಅಭ್ಯರ್ಥಿಗಳನ್ನು ವಿಶೇಷವಾಗಿ ಕಾಡುವುದು ಹೆಸರಿನ ವ್ಯತ್ಯಾಸ. ಇಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳ ರೂಢಿಯಿದ್ದು, ಒಂದು ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಬಂದಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್ ಹೊಂದಿಕೆಯಾಗದಿದ್ದರೆ ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದು. ಅರ್ಜಿಯ ಗಡುವು ಅದಕ್ಕಾಗಿ ಕಾಯುವುದಿಲ್ಲ. ತಹಶೀಲ್ದಾರರು ಕನ್ನಡದಲ್ಲಿ ನೀಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಇಂಗ್ಲಿಷ್ ಅನುವಾದ ಬೇಕಾಗಬಹುದು.

ಶಿಫಾರಸು ಪತ್ರ ಬರೆಯುವವರು ವಿದ್ಯಾರ್ಥಿಯ ಕೆಲಸವನ್ನು ಕಂಡವರಾಗಿರಬೇಕು. ಪ್ರಾಚಾರ್ಯರ ಸಹಿಯುಳ್ಳ, ಯಾರಿಗಾದರೂ ಹೊಂದುವ ನಡತೆ ಪ್ರಮಾಣಪತ್ರ ಈ ಕೆಲಸಕ್ಕೆ ಬಾರದು. ಪ್ರಯೋಗಾಲಯದಲ್ಲೋ ಕಿರುಸಂಶೋಧನೆಯಲ್ಲೋ ಮಾರ್ಗದರ್ಶನ ಮಾಡಿದ ಅಧ್ಯಾಪಕರ ಒಂದು ನಿರ್ದಿಷ್ಟ ಪುಟಕ್ಕೆ ಹೆಚ್ಚು ಬೆಲೆಯಿದೆ.

ರೋಡ್ಸ್, ಚೀವ್ನಿಂಗ್, ಫುಲ್‌ಬ್ರೈಟ್-ನೆಹರೂ ವೇತನಗಳ ಅರ್ಜಿಗೆ ಶುಲ್ಕವಿಲ್ಲ. ಇವುಗಳಿಗಾಗಿ ‘ನೋಂದಣಿ ಶುಲ್ಕ’ ಕೇಳುವ ಮಧ್ಯವರ್ತಿಯು ಸಂಸ್ಥೆಯ ಪರವಾಗಿ ವ್ಯವಹರಿಸುತ್ತಿಲ್ಲವೆಂದೇ ತಿಳಿಯಬೇಕು.

ಮರಳುವ ಷರತ್ತು

ವೇತನದೊಂದಿಗೆ ಕರಾರು ಬರುವುದು ಹಳೆಯ ಪದ್ಧತಿ. 1913ರಲ್ಲಿ ಬಿ. ಆರ್. ಅಂಬೇಡ್ಕರ್ ಅವರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದ ಬರೋಡಾ ಸಂಸ್ಥಾನವು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು ಬರೆಸಿಕೊಂಡಿತ್ತು. ಇಂದು ಚೀವ್ನಿಂಗ್ ಪಡೆದವರು ವ್ಯಾಸಂಗದ ನಂತರ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ಫುಲ್‌ಬ್ರೈಟ್ ವಿದ್ಯಾರ್ಥಿಗಳ ಜೆ-1 ವೀಸಾಕ್ಕೂ ಎರಡು ವರ್ಷ ಸ್ವದೇಶವಾಸದ ನಿಯಮವಿದೆ. ಮನೆಯ ಸಾಲ ತೀರಿಸಲು ಹೊರದೇಶದ ದುಡಿಮೆಯನ್ನು ನೆಚ್ಚಿರುವ ವಿದ್ಯಾರ್ಥಿ ಈ ನಿಯಮಗಳನ್ನು ಸಹಿ ಹಾಕುವ ಮುನ್ನವೇ ಓದಿಕೊಳ್ಳುವುದು ಅಗತ್ಯ. ರೋಡ್ಸ್ ವೇತನದಲ್ಲಿ ಇಂತಹ ಷರತ್ತಿಲ್ಲ. ಕಾರ್ನಾಡರು 1963ರಲ್ಲಿ ಭಾರತಕ್ಕೆ ಮರಳಿ, ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ 1970ರವರೆಗೆ ಕೆಲಸ ಮಾಡಿದರು.