ಟಿವಿ ಚರ್ಚೆ ಮತ್ತು ಅಮೆರಿಕದ ಅಧ್ಯಕ್ಷ ಚುನಾವಣೆ

1960ರ ಸೆಪ್ಟೆಂಬರ್ 26ರ ರಾತ್ರಿ ಅಮೆರಿಕದ ಷಿಕಾಗೊ ನಗರದ ಒಂದು ಟಿವಿ ಸ್ಟುಡಿಯೋದಲ್ಲಿ ಇಬ್ಬರು ಚರ್ಚೆಗೆ ನಿಂತರು. ಒಬ್ಬರು ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಜಾನ್ ಎಫ್. ಕೆನಡಿ, 43 ವರ್ಷ. ಇನ್ನೊಬ್ಬರು ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್, 47 ವರ್ಷ. ಎಂಟು ವರ್ಷಗಳಿಂದ ಉಪಾಧ್ಯಕ್ಷರು. ಎರಡು ದೊಡ್ಡ ಪಕ್ಷಗಳ ಅಧ್ಯಕ್ಷ ಅಭ್ಯರ್ಥಿಗಳು ಟಿವಿಯಲ್ಲಿ ಮುಖಾಮುಖಿಯಾದದ್ದು ಅದೇ ಮೊದಲು. ಸುಮಾರು 7 ಕೋಟಿ ಜನ ಅದನ್ನು ನೋಡಿದರೆಂದು ಅಂದಾಜು.

ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದಿದ್ದರು, ಸೊರಗಿದ್ದರು. ಅವರ ಬೂದುಬಣ್ಣದ ಸೂಟು ಕಪ್ಪು-ಬಿಳುಪು ಪರದೆಯಲ್ಲಿ ಹಿನ್ನೆಲೆಯೊಂದಿಗೇ ಬೆರೆತುಹೋಯಿತು. ಮುಖದ ಮೇಲೆ ಬೆವರು ಕಾಣುತ್ತಿತ್ತು. ಕೆನಡಿ ಗಾಢ ಬಣ್ಣದ ಸೂಟಿನಲ್ಲಿ ಲವಲವಿಕೆಯಿಂದಿದ್ದರು; ಕ್ಯಾಮೆರಾವನ್ನೇ ನೋಡುತ್ತಾ ಮನೆಯಲ್ಲಿ ಕೂತವರೊಡನೆ ಮಾತನಾಡಿದಂತೆ ಮಾತನಾಡಿದರು. ಅನುಭವವಿಲ್ಲದ ಹುಡುಗ ಎಂಬ ಟೀಕೆಗೆ ಅಂದು ಉತ್ತರ ಸಿಕ್ಕಿತು.

ಟಿವಿ ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡಿತು, ರೇಡಿಯೋ ಕೇಳಿದವರಿಗೆ ನಿಕ್ಸನ್ ಗೆದ್ದಂತೆ ಕೇಳಿಸಿತು ಎಂಬ ಮಾತು ಬಹಳ ಪ್ರಸಿದ್ಧ. ಕಂಪ್ಯೂಟರ್ ಕ್ಷೇತ್ರದಲ್ಲಿ ದಿನವೂ ಅಂಕಿಅಂಶಗಳೊಡನೆ ಕೆಲಸ ಮಾಡುವ ನನಗೆ ಈ ಮಾತಿನ ಮೂಲ ನೋಡಬೇಕೆನಿಸಿತು. ಅದರ ಆಧಾರ ಒಂದೇ ಒಂದು ಸಮೀಕ್ಷೆ. ಅದರಲ್ಲಿದ್ದ ರೇಡಿಯೋ ಕೇಳುಗರು ಕೆಲವೇ ನೂರು ಮಂದಿ. ಆ ವೇಳೆಗೆ ಅಮೆರಿಕದ ಹೆಚ್ಚಿನ ಮನೆಗಳಲ್ಲಿ ಟಿವಿ ಇತ್ತು. ರೇಡಿಯೋವನ್ನೇ ನೆಚ್ಚಿದವರಲ್ಲಿ ಹಳ್ಳಿಗಾಡಿನವರು ಹೆಚ್ಚಿದ್ದು, ಅವರು ಮೊದಲಿನಿಂದಲೇ ನಿಕ್ಸನ್ ಪರ ಒಲವಿದ್ದವರು ಇರಬಹುದೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಹಾಗಾಗಿ ಈ ಕಥೆಯನ್ನು ಸಾಬೀತಾದ ಸತ್ಯವೆನ್ನಲಾಗದು.

ಆದರೂ ಚರ್ಚೆಗೆ ಪ್ರಭಾವವೇ ಇಲ್ಲ ಎನ್ನುವಂತಿಲ್ಲ. ಸುಮಾರು 6.8 ಕೋಟಿ ಮತಗಳಲ್ಲಿ ಕೆನಡಿಗೆ ಸಿಕ್ಕ ಮುನ್ನಡೆ ಒಂದು ಲಕ್ಷ ಚಿಲ್ಲರೆ ಮಾತ್ರ. ಅಷ್ಟು ಸಣ್ಣ ಅಂತರದಲ್ಲಿ ಸಣ್ಣ ಕಾರಣವೂ ದೊಡ್ಡದೇ. ನಿಕ್ಸನ್ ಪಾಠ ಕಲಿತರು: 1968 ಮತ್ತು 1972ರಲ್ಲಿ ಚರ್ಚೆಗೆ ಬರಲೇ ಇಲ್ಲ, ಎರಡು ಸಲವೂ ಗೆದ್ದರು. 1976ರಲ್ಲಿ ಚರ್ಚೆ ಮತ್ತೆ ಶುರುವಾದಾಗ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯೂರೋಪಿನ ಮೇಲೆ ಸೋವಿಯತ್ ಹಿಡಿತವಿಲ್ಲ ಎಂದುಬಿಟ್ಟರು. ಆ ಒಂದು ಮಾತಿಗೆ ದಿನಗಟ್ಟಲೆ ಸಮಜಾಯಿಷಿ ಕೊಡಬೇಕಾಯಿತು. ಕೊನೆಗೆ ಜಿಮ್ಮಿ ಕಾರ್ಟರ್ ಎದುರು ಸೋತರು. 2024ರ ಜೂನ್ 27ರ ಚರ್ಚೆಯಲ್ಲಿ ತಡವರಿಸಿದ ಜೋ ಬೈಡನ್ ಒಂದು ತಿಂಗಳೊಳಗೆ ಕಣದಿಂದಲೇ ಹಿಂದೆ ಸರಿದರು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2016ರ ಚರ್ಚೆಗಳಲ್ಲಿ ಹಿಲರಿ ಕ್ಲಿಂಟನ್ ಮೇಲುಗೈ ಪಡೆದರೆಂದು ಹೆಚ್ಚಿನ ಸಮೀಕ್ಷೆಗಳು ಹೇಳಿದವು. ಅಧ್ಯಕ್ಷರಾದದ್ದು ಡೊನಾಲ್ಡ್ ಟ್ರಂಪ್. ಹೆಚ್ಚಿನ ಮತದಾರರು ಮೊದಲೇ ಮನಸ್ಸು ಮಾಡಿರುತ್ತಾರೆ. ಚರ್ಚೆ ಅಲುಗಾಡಿಸುವುದು ಅಂಚಿನಲ್ಲಿರುವ ಕೆಲವರನ್ನು.

ಶಾಲೆಯ ಚರ್ಚಾಸ್ಪರ್ಧೆಯಲ್ಲಿ ವಿಷಯಕ್ಕೆ ಬೇರೆ, ಮಂಡನೆಗೆ ಬೇರೆ ಅಂಕ ಕೊಡುವ ಪದ್ಧತಿಯುಂಟು. ಟಿವಿ ಈ ಎರಡನ್ನೂ ಒಂದೇ ಚಿತ್ರದಲ್ಲಿ ಬೆರೆಸಿಬಿಡುತ್ತದೆ. ಈಗಂತೂ ಒಂದೂವರೆ ಗಂಟೆಯ ಚರ್ಚೆ ಅರ್ಧ ನಿಮಿಷದ ತುಣುಕಾಗಿ ಮೊಬೈಲಿಗೆ ಬರುತ್ತದೆ. ನಮ್ಮಲ್ಲಿ ಪ್ರಧಾನಿಯನ್ನು ನಾವು ನೇರವಾಗಿ ಆರಿಸುವುದಿಲ್ಲ, ಅಂಥ ಚರ್ಚೆಯ ರೂಢಿಯೂ ಇಲ್ಲ. ಆದರೆ ತುಣುಕುಗಳು ನಮ್ಮೂರಿಗೂ ಬರುತ್ತವೆ. ಈ ಶಾಲೆಯ ಮಕ್ಕಳು ಅವನ್ನು ನೋಡುವಾಗ ಮುಖಕ್ಕೆಷ್ಟು, ಮಾತಿಗೆಷ್ಟು ಎಂದು ಬೇರೆ ಬೇರೆಯಾಗಿ ಅಂಕ ಹಾಕುವುದನ್ನು ಕಲಿತರೆ ಸಾಕು. ಮತ ಹಾಕುವ ವಯಸ್ಸಿಗೆ ಅದು ಉಪಯೋಗಕ್ಕೆ ಬರುತ್ತದೆ.